ಬರೆದವರಿಗೆ ಅರ್ಧ ತಾಸು ಕೊಡಿ

ಧಾರವಾಡ, ಹುಬ್ಬಳ್ಳಿಯಲ್ಲಿ ಪುಸ್ತಕ ಬಿಡುಗಡೆ, ಕವಿಗೋಷ್ಠಿ, ದತ್ತಿ ಉಪನ್ಯಾಸ ನಡೆಸುವ ಎಲ್ಲ ಹಿರಿಯರಿಗೆ, ಇಲ್ಲಿನ ಕಾಲೇಜುಗಳ ಪ್ರಾಚಾರ್ಯರಿಗೆ, ಕನ್ನಡ ಕಲಿಸುವ ಸರ್ ಮತ್ತು ಮೇಡಂಗಳಿಗೆ ನಮಸ್ಕಾರ.

ನನ್ನ ಮುಖ ನಿಮಗೆ ಪರಿಚಯ ಇದೆ. ಹೆಸರು ಗೊತ್ತಿರಲಿಕ್ಕಿಲ್ಲ. ಸಭಾಭವನದ ಬಾಗಿಲ ಪಕ್ಕ ಟೇಬಲ್ ಹಾಕಿಕೊಂಡು, ಅವತ್ತು ಬಿಡುಗಡೆಯಾಗುವ ಪುಸ್ತಕವನ್ನು ಮುಂದಿಟ್ಟು, ಅದರ ಹಿಂದೆ ಇನ್ನೊಂದಿಷ್ಟು ಕಥೆ, ಕಾದಂಬರಿ, ಕವಿತೆ ಜೋಡಿಸಿಕೊಂಡು ಕೂರುತ್ತೇನಲ್ಲ, ಅವಳೇ ನಾನು. 2013ರಿಂದ ಇದೇ ಕೆಲಸ. ಒಳಗಿನ ವೇದಿಕೆ ನನಗೆ ಅರ್ಧವೇ ಕಾಣುತ್ತದೆ. ಮೈಕಿನ ಮಾತು ಪೂರ್ತಿ ಕೇಳುತ್ತದೆ. ಬಾಗಿಲಂತೂ ಕಣ್ಣೆದುರೇ ಇರುತ್ತದೆ. ಯಾರು ಎಷ್ಟೊತ್ತಿಗೆ ಬಂದರು, ಯಾರು ಯಾವ ಮಾತಿಗೆ ಎದ್ದು ಹೋದರು, ಹೋಗುವಾಗ ಪುಸ್ತಕದ ಕಡೆ ಒಮ್ಮೆಯಾದರೂ ನೋಡಿದರೋ ಇಲ್ಲವೋ, ಎಲ್ಲ ಗೊತ್ತಾಗುತ್ತದೆ.

ಅಲ್ಲಿ ಕೂತು ಕೂತು ನಿಮ್ಮನ್ನು ಒಂದು ಮಾತು ಕೇಳಬೇಕು ಅನ್ನಿಸಿದೆ. ಪುಸ್ತಕ ಬರೆದವರಿಗೆ ಅದೇ ಪುಸ್ತಕದಿಂದ ಓದಲು ಅರ್ಧ ತಾಸು ಕೊಡಿ. ಓದಿದ ಮೇಲೆ, ಕೇಳಿದವರಿಗೆ ಮಾತಾಡಲು ಅಷ್ಟೇ ಹೊತ್ತು ಬಿಡಿ. ಕಾರ್ಯಕ್ರಮದಲ್ಲಿ ಉಳಿದದ್ದು ಏನೇ ಇರಲಿ, ಇದನ್ನು ನೋಡಿಕೊಂಡು ಹೊಂದಿಸಿ.

ಇಷ್ಟಕ್ಕೆ ಬಹಿರಂಗ ಪತ್ರ ಬೇಕಿತ್ತಾ ಅಂತ ನೀವು ಕೇಳಬಹುದು. ಹೋದ ವರ್ಷದ ಒಂದು ರವಿವಾರದ ಕಥೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

ಶ್ರಾವಣ ನಡೆದಿತ್ತು. ನಮ್ಮ ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ. ಪುಸ್ತಕದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ವರಾಂಡದಲ್ಲಿ ಕೂತಿದ್ದೆ. ಅವತ್ತು ಬಿಡುಗಡೆಯಾಗಬೇಕಿದ್ದದ್ದು ಒಬ್ಬ ಹೆಣ್ಣುಮಗಳ ಮೊದಲ ಕಥಾಸಂಕಲನ. ದಕ್ಷಿಣದ ಕಡೆಯವರು, ರಾತ್ರಿ ಬಸ್ಸಿಗೆ ಬಂದಿದ್ದರು. ಎಲ್ಲರಿಗಿಂತ ಮೊದಲು ಬಂದವರೂ ಅವರೇ. ನನ್ನ ಟೇಬಲ್ ಹತ್ತಿರ ನಿಂತು ತಮ್ಮದೇ ಪುಸ್ತಕವನ್ನು ಒಮ್ಮೆ ಮುಟ್ಟಿ ನೋಡಿದರು. ಅವರ ಕೈಯಲ್ಲೂ ಒಂದು ಪ್ರತಿ ಇತ್ತು. ಅದರೊಳಗೆ ಮೂರು ಕಡೆ ಬಸ್ ಟಿಕೆಟ್ ಸಿಕ್ಕಿಸಿದ್ದರು. "ಓದೋದಕ್ಕೆ ಗುರುತು ಮಾಡ್ಕೊಂಡಿದ್ದೀನಿ. ಮೂರರಲ್ಲಿ ಯಾವುದು ಓದ್ಲಿ ಅಂತ ಇನ್ನೂ ಗೊತ್ತಾಗ್ತಿಲ್ಲ" ಅಂದರು. ಮನೆಯಲ್ಲಿ ಜೋರಾಗಿ ಓದಿ ಗಡಿಯಾರ ನೋಡಿಕೊಂಡಿದ್ದರಂತೆ. ಒಂದೊಂದಕ್ಕೂ ಹತ್ತು ನಿಮಿಷ.

ಕಾರ್ಡಿನಲ್ಲಿ ಹತ್ತೂವರೆ ಅಂತ ಇತ್ತು. ಶುರುವಾದದ್ದು ಹನ್ನೊಂದೂಕಾಲಿಗೆ. ವೇದಿಕೆ ಮೇಲೆ ಒಂಬತ್ತು ಕುರ್ಚಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಪ್ರಾಸ್ತಾವಿಕ, ಬಿಡುಗಡೆ, ಫೋಟೊ, ಕೃತಿ ಪರಿಚಯ. ಅದಾದ ಮೇಲೆ ಒಬ್ಬ ಅತಿಥಿ, ಇನ್ನೊಬ್ಬ ಅತಿಥಿ, ಮತ್ತೊಬ್ಬ ಅತಿಥಿ. ನಡುನಡುವೆ ಶಾಲು, ಹಾರ. ಅತಿಥಿಗಳಲ್ಲಿ ಇಬ್ಬರು ಪುಸ್ತಕ ಅವತ್ತೇ ಕೈಗೆ ಬಂತು ಅಂತ ಮೈಕಿನಲ್ಲೇ ಹೇಳಿದರು. ಆ ಹೆಣ್ಣುಮಗಳ ಸರದಿ ಬಂದಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಒಳಗಿನ ಅಡುಗೆಮನೆಯಿಂದ ಸಾರಿನ ವಾಸನೆ ಬರುತ್ತಿತ್ತು. "ಸಮಯ ಜಾಸ್ತಿ ಇಲ್ಲ, ಲೇಖಕಿಯವರು ಎರಡು ಮಾತಿನಲ್ಲಿ ಮುಗಿಸಬೇಕು" ಅಂತ ನಿರೂಪಕರು ಹೇಳಿದ್ದು ಹೊರಗೆ ನನಗೆ ಸ್ಪಷ್ಟ ಕೇಳಿಸಿತು. ಅವರು ನಾಲ್ಕು ನಿಮಿಷ ಮಾತಾಡಿದರು. ನಾಲ್ಕೂ ನಿಮಿಷ ಬೇರೆಯವರಿಗೆ ಧನ್ಯವಾದ ಹೇಳುವುದರಲ್ಲೇ ಮುಗಿಯಿತು. ಬಸ್ ಟಿಕೆಟ್ ಸಿಕ್ಕಿಸಿದ ಪುಟಗಳನ್ನು ಅವರು ತೆಗೆಯಲೇ ಇಲ್ಲ.

ಜನ ಊಟಕ್ಕೆ ನಡೆದರು. ಅಷ್ಟರವರೆಗೆ ನನ್ನ ಟೇಬಲ್ಲಿನಲ್ಲಿ ಆ ಪುಸ್ತಕ ಮಾರಾಟವಾದದ್ದು ಮೂರು ಪ್ರತಿ.

ಆಮೇಲೆ ಆದದ್ದನ್ನು ನೀವ್ಯಾರೂ ನೋಡಲಿಲ್ಲ. ಮಳೆ ಜೋರಾಗಿತ್ತು. ಐದಾರು ಹುಡುಗ ಹುಡುಗಿಯರು ಮಳೆ ನಿಲ್ಲಲಿ ಅಂತ ವರಾಂಡದ ಮೆಟ್ಟಿಲ ಮೇಲೆ ಕೂತಿದ್ದರು. ಅವರಲ್ಲಿ ಒಬ್ಬಳು ಆ ಲೇಖಕಿಯನ್ನು, "ಮೇಡಂ, ಒಂದ್ ಸ್ವಲ್ಪ ಓದಿ ತೋರಿಸ್ತೀರೇನ್ರಿ?" ಅಂತ ಕೇಳಿದಳು. ಅವರು ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ಮೊದಲ ಟಿಕೆಟ್ ಇದ್ದ ಪುಟ ತೆಗೆದರು. ಅತ್ತೆ ತೀರಿಕೊಂಡ ಮೇಲೆ ಸೊಸೆ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ನೋಡುವ ಕಥೆ. ಒಂದು ಡಬ್ಬಿಯಲ್ಲಿ ಬೆಲ್ಲದ ಅಚ್ಚಿನ ಕೆಳಗೆ ಏನೋ ಮಡಿಸಿ ಇಟ್ಟಿರುತ್ತಾರೆ. ಮೈಕ್ ಇರಲಿಲ್ಲ. ಮಳೆಯ ಸದ್ದಿಗೆ ಹುಡುಗರು ಹತ್ತಿರ ಹತ್ತಿರ ಸರಿದು ಕೂತರು. ಊಟ ಮುಗಿಸಿ ಕೈ ತೊಳೆಯಲು ಬಂದ ಒಬ್ಬ ಅಜ್ಜ ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತರು.

ಓದಿ ಮುಗಿಸಿದ ಮೇಲೆ ಒಬ್ಬ ಹುಡುಗ ಕೇಳಿದ, "ಅಕಿ ಆ ಡಬ್ಬಿ ತಿರುಗಿ ಮ್ಯಾಲ ಯಾಕ ಇಟ್ಟಳ್ರಿ? ಒಳಗ ಏನೈತಿ ಅಂತ ಬಿಚ್ಚಿ ನೋಡಬೇಕಿತ್ತಲ್ರಿ." ಲೇಖಕಿ ಸುಮ್ಮನಾದರು. ಆಮೇಲೆ, "ನೀವಾಗಿದ್ರೆ ಬಿಚ್ಚಿ ನೋಡ್ತಿದ್ರಾ?" ಅಂದರು. ಅಲ್ಲಿಂದ ಮಾತು ಹತ್ತಿಕೊಂಡಿತು. ಅವರವರ ಅಜ್ಜಿ, ಅತ್ತಿಗೆ, ಅಡುಗೆಮನೆ ಎಲ್ಲ ಮಾತಿಗೆ ಬಂತು. ಒಟ್ಟು ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ಹನ್ನೊಂದು ಪ್ರತಿ ಹೋದವು. ಇಬ್ಬರು ಹುಡುಗರು ದುಡ್ಡು ಕೂಡಿಸಿ ಒಂದು ಪ್ರತಿ ತಗೊಂಡರು. ಕೈ ತೊಳೆಯಲು ಬಂದಿದ್ದ ಅಜ್ಜ ಎರಡು ತಗೊಂಡರು, ಒಂದು ಸೊಸೆಗಂತೆ.

ಮಾರಾಟದ ಆಸೆಗೆ ಇದನ್ನು ಹೇಳುತ್ತಿಲ್ಲ. ಇವತ್ತು ಎಷ್ಟೋ ಕಥಾಸಂಕಲನಗಳು 500 ಪ್ರತಿ ಅಚ್ಚಾಗುತ್ತವೆ. ಅವು ಖರ್ಚಾಗಲು ವರ್ಷಗಟ್ಟಲೆ ಬೇಕು. ನನಗೆ ಒಂದು ಪ್ರತಿಯಲ್ಲಿ ಸಿಗುವುದು ಎಷ್ಟು ಅಂತ ನಿಮಗೂ ಗೊತ್ತು. ನಾನು ಹೇಳುವುದು ಇಷ್ಟೇ. ಮೆಟ್ಟಿಲ ಮೇಲೆ ಆದದ್ದು ಒಳಗೆ, ವೇದಿಕೆಯ ಮೇಲೆ ಆಗಬೇಕಿತ್ತು. ಅಷ್ಟು ದೂರದಿಂದ ಅವರು ಬಂದದ್ದೇ ಅದಕ್ಕೆ.

ಬರೆದವರ ಬಾಯಲ್ಲೇ ಕೇಳುವುದು ನಮ್ಮ ಕಡೆ ಹೊಸದಲ್ಲ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದಲ್ಲಿ ಮಾಸ್ತಿಯವರು ಅಧ್ಯಕ್ಷರಾಗಿದ್ದರು. ಅಲ್ಲಿ ಬೇಂದ್ರೆಯವರು ಎದ್ದು ನಿಂತು ತಮ್ಮ 'ಹಕ್ಕಿ ಹಾರುತಿದೆ ನೋಡಿದಿರಾ' ಹಾಡಿದಾಗ ಇಡೀ ಸಭೆ ಮೈಮರೆಯಿತು ಅನ್ನುವುದನ್ನು ನಾವು ಇವತ್ತಿಗೂ ಹೇಳಿಕೊಳ್ಳುತ್ತೇವೆ. ಅವತ್ತು ಯಾರು ಯಾರಿಗೆ ಹಾರ ಹಾಕಿದರು ಅನ್ನುವುದು ಯಾರಿಗೂ ನೆನಪಿಲ್ಲ. ನೆನಪಿರುವುದು ಕವಿಯ ದನಿ.

ನಮ್ಮವ್ವನ ಮಾತು ಇಲ್ಲಿ ಹೇಳಲೇಬೇಕು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮ ಮನೆಗೆ ರೇಡಿಯೋ ಬಂದದ್ದು ಬಹಳ ತಡವಾಗಿ. ರೇಡಿಯೋದಲ್ಲಿ ಯಾರಾದರೂ ತಮ್ಮ ಕಥೆ ಓದುತ್ತಿದ್ದರೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಬಡಿದರೆ ಕೇಳಿಸುವುದಿಲ್ಲವಲ್ಲ. ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಒಲೆಯ ಮುಂದೆ ಕೂತಿರುತ್ತಿದ್ದಳು. ಹಂಚು ಕಾಯ್ದು ಹೊಗೆ ಎದ್ದರೂ ಏಳುತ್ತಿರಲಿಲ್ಲ. ನಾನು ಪುಸ್ತಕ ಮಾರುವ ಕೆಲಸಕ್ಕೆ ಬಂದದ್ದು ಆ ಒಲೆಯ ಮುಂದಿನಿಂದಲೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಊರು ಎಳೆಯರನ್ನು ಹೇಗೆ ನೋಡಿಕೊಂಡಿತ್ತು ಅನ್ನುವುದೂ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1920ರ ದಶಕದಲ್ಲಿ ಬೇಂದ್ರೆಯವರ ಸಾಹಿತ್ಯ ಬಳಗ 'ಗೆಳೆಯರ ಗುಂಪು' ಸೇರುತ್ತಿದ್ದಾಗ ಬೇಂದ್ರೆಯವರೇ ಹೈಸ್ಕೂಲಿನ ಮಾಸ್ತರರು, ಮೂವತ್ತರ ಆಸುಪಾಸಿನವರು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಕರ್ನಾಟಕ ಕಾಲೇಜಿಗೆ ಓದಲು ಬಂದ ಹುಡುಗ. ಆ ಹುಡುಗನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಚಪ್ಪಾಳೆ ಹೊಡೆಯಲು ಹೇಳಿದ್ದರೆ ಏನಾಗುತ್ತಿತ್ತು? ಗುಂಪಿನಲ್ಲಿ ಜೊತೆಗೆ ಕೂರಿಸಿಕೊಂಡರು, ಅವರ ಕವಿತೆ ಕೇಳಿದರು, ತಮ್ಮದನ್ನು ಕೇಳಿಸಿದರು. ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು, ಗೋಕಾಕರಿಗೆ 1990ರದು ಬಂತು. ಇಬ್ಬರ ನಡುವೆ ಇದ್ದದ್ದು ಮಾತು, ಓದು, ಮತ್ತೆ ಮಾತು.

ಸುಭಾಷ್ ರಸ್ತೆಯಲ್ಲಿರುವ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟವನ್ನೇ ತಗೊಳ್ಳಿ. 1933ರಲ್ಲಿ ಜಿ.ಬಿ. ಜೋಶಿಯವರು ಗ್ರಂಥಮಾಲೆ ಶುರು ಮಾಡಿದಾಗ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕ ಕೊಟ್ಟರು. ಓದುಗರನ್ನು ಮೊದಲು ಮಾಡಿಕೊಂಡು ಆಮೇಲೆ ಅಚ್ಚು ಹಾಕಿದ ಹಾಗೆ. ಗದಗಿನ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಅಲ್ಲಿ ಕೂತು ಹಸ್ತಪ್ರತಿ ಓದುತ್ತಿದ್ದರು. ಕರ್ನಾಟಕ ಕಾಲೇಜಿನಲ್ಲಿ ಓದಿ ಹೋದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಆಗ ಅವರಿಗೆ 23ರ ಆಸುಪಾಸು. ಆ ವಯಸ್ಸಿನ ಮಕ್ಕಳು ಇವತ್ತೂ ಇದೇ ಊರಿನಲ್ಲಿ ಸಾವಿರಗಟ್ಟಲೆ ಇದ್ದಾರೆ. ಅವರು ನಮ್ಮ ಕಾರ್ಯಕ್ರಮಗಳಲ್ಲಿ ಯಾಕೆ ಕಾಣುವುದಿಲ್ಲ?

"ಹುಡುಗರು ಓದೂದಿಲ್ಲ ಬಿಡ್ರಿ" ಅಂತ ನಿಮ್ಮಲ್ಲಿ ಹಲವರು ನನ್ನ ಟೇಬಲ್ ಮುಂದೆಯೇ ನಿಂತು ಹೇಳಿದ್ದೀರಿ. ಹಿರಿಯರ ಎದುರು ಆಡಬಾರದು ಅಂತ ನಾನು ಸುಮ್ಮನಿದ್ದೆ. ಇವತ್ತು ಹೇಳುತ್ತೇನೆ. ಅದು ಸರಿಯಲ್ಲ.

ಸಪ್ತಾಪುರದ ಕಡೆ ಒಮ್ಮೆ ಸಂಜೆ ಹೋಗಿ ನೋಡಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಬಂದ ಮಕ್ಕಳು ಓಣಿ ಓಣಿ ತುಂಬಿದ್ದಾರೆ. ಗದಗ, ಹಾವೇರಿ, ಕೊಪ್ಪಳ, ವಿಜಯಪುರ, ಎಲ್ಲ ಕಡೆಯವರು. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಮೆಸ್ಸು, ಸಂಜೆ ಮತ್ತೆ ರೀಡಿಂಗ್ ರೂಮು. ದಿನಕ್ಕೆ ಹತ್ತು ತಾಸು ಕೂತು ಓದುವ ಮಕ್ಕಳನ್ನು ಓದುವುದಿಲ್ಲ ಅಂತ ಹೇಗೆ ಅನ್ನುವುದು? ಅವರು ಓದುವುದು ನಮ್ಮ ಪುಸ್ತಕವನ್ನಲ್ಲ, ಅಷ್ಟೇ. ಅದು ಅವರ ತಪ್ಪಲ್ಲ. ಮನೆಯಲ್ಲಿ ಹೊಲ ಅಡವಿಟ್ಟು ಕಳಿಸಿರುತ್ತಾರೆ.

ಅವರಲ್ಲೇ ಒಬ್ಬ ಹುಡುಗಿ. ಹಾವೇರಿ ಜಿಲ್ಲೆಯವಳು. ಮೊದಲ ಸಲ ಬಂದಾಗ ಒಂದು ಕಾದಂಬರಿ ಎತ್ತಿಕೊಂಡು ಬೆಲೆ ನೋಡಿದಳು, ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. "ಅಕ್ಕಾರ, ಇಲ್ಲೇ ನಿಂತು ಓದಿದ್ರ ನಡೀತದೇನ್ರಿ?" ಅಂದಳು. ಓದವ್ವ ಅಂದೆ. ಒಳಗೆ ಭಾಷಣ ನಡೆದಿತ್ತು, ಇವಳು ಹೊರಗೆ ಕಂಬಕ್ಕೆ ಒರಗಿ ಓದಿದಳು. ಏಳೂವರೆಗೆ ಗಡಬಡಿಸಿ ಎದ್ದಳು. "ಎಂಟಕ್ಕ ಪಿಜಿ ಗೇಟ್ ಹಾಕ್ತಾರ್ರಿ. ಎಪ್ಪತ್ತೆರಡನೇ ಪೇಜಿಗೆ ಬಂದೀನ್ರಿ. ಮುಂದಿನ ಫಂಕ್ಷನ್ ಯಾವಾಗ ಐತ್ರಿ?" ಹೀಗೆ ನಾಲ್ಕು ಕಾರ್ಯಕ್ರಮದಲ್ಲಿ ಅವಳು ಆ ಕಾದಂಬರಿ ಮುಗಿಸಿದಳು. ನಾನು ಆ ಪ್ರತಿಯನ್ನು ಬೇರೆಯವರಿಗೆ ಮಾರದೆ ಕೆಳಗೆ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಕೊನೆಯ ದಿನ ಅವಳು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ರಸ್ತೆ ನೋಡುತ್ತಾ ನಿಂತಿದ್ದಳು.

ನಾಲ್ಕೂ ಸಲ ಅವಳು ಒಳಗೆ ಹೋಗಲಿಲ್ಲ. ಒಮ್ಮೆ ಹೋಗು ಅಂದೆ. "ಒಳಗ ಬರೇ ದೊಡ್ಡವರ ಅದಾರ್ರಿ ಅಕ್ಕಾರ" ಅಂದಳು. ಈ ಮಾತು ನನಗೆ ಚುಚ್ಚಿತು. ನಿಮಗೂ ಚುಚ್ಚಲಿ ಅಂತಲ್ಲ, ತಲುಪಲಿ ಅಂತ ಬರೆಯುತ್ತಿದ್ದೇನೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ನಡೆದದ್ದೂ ಕೇಳಿ. ಕೋಚಿಂಗ್ ಮಕ್ಕಳು ಬಂದು ಬಂದು ಕೇಳಿದರು. ಮೊದಲು ಕೇಳಿದ್ದು ಪರೀಕ್ಷೆಗೆ ಬರಬಹುದು ಅಂತ. ಪುಸ್ತಕದ ಹೆಸರು, ವರ್ಷ, ಅನುವಾದಕರ ಹೆಸರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದರು. ಅವರಲ್ಲಿ ಒಬ್ಬ ವಾರ ಬಿಟ್ಟು ಮತ್ತೆ ಬಂದ. "ಕಥಿ ಓದಬೇಕನಿಸೇತ್ರಿ" ಅಂದ. ಆಮೇಲೆ ಇನ್ನೂ ಮೂರು ಜನರನ್ನು ಕರೆದುಕೊಂಡು ಬಂದ. ಪರೀಕ್ಷೆಯ ಪ್ರಶ್ನೆ ಹಿಡಿದುಕೊಂಡೇ ಬರಲಿ, ಏನಾಯಿತು? ಬಂದ ಮೇಲೆ ಅವರಿಗೆ ಏನು ಸಿಗುತ್ತದೆ ಅನ್ನುವುದು ನಮ್ಮ ಕೈಯಲ್ಲಿದೆ ಅಲ್ವಾ?

ಈಗ ಕಾಲೇಜಿನವರ ಹತ್ತಿರ ಒಂದು ಮಾತು. ಸಭೆ ಖಾಲಿ ಕಾಣಬಾರದು ಅಂತ ಒಂದು ಇಡೀ ತರಗತಿಯನ್ನು ಕರೆತಂದು ಕೂರಿಸುವುದನ್ನು ದಯವಿಟ್ಟು ಬಿಡಿ. ಆ ಮಕ್ಕಳ ಮುಖ ನಾನು ಬಾಗಿಲಲ್ಲಿ ನೋಡಿದ್ದೇನೆ. ಹಾಜರಿ ಹಾಕುವ ಹಾಳೆ ಬಂದು ಹೋಗುವವರೆಗೆ ಕೂತಿರುತ್ತಾರೆ. ಲೇಖಕರು ಯಾರು ಅಂತ ಅವರಿಗೆ ಗೊತ್ತಿರುವುದಿಲ್ಲ, ಗೊತ್ತು ಮಾಡಿಸಿಯೂ ಇರುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಒಮ್ಮೆ ಹೀಗೆ ಬೇಸರ ಹಿಡಿಸಿದರೆ ಅವರು ಮತ್ತೆ ಸಾಹಿತ್ಯದ ಕಡೆ ತಿರುಗಿ ನೋಡುವುದು ಕಷ್ಟ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನೋಡಿದ್ದೇನೆ. ಒಂದು ಕಾಲೇಜಿನ ಕನ್ನಡ ಮೇಡಂ ಒಬ್ಬರು ಕಾರ್ಯಕ್ರಮಕ್ಕೆ ಹದಿನೈದು ದಿನ ಮೊದಲು ನನ್ನ ಹತ್ತಿರ ಬಂದು ಎರಡು ಪ್ರತಿ ತಗೊಂಡು ಹೋದರು. ಒಂದು ಕಥೆಯನ್ನು ತರಗತಿಯಲ್ಲಿ ಓದಿಸಿದರು. ಕಾರ್ಯಕ್ರಮಕ್ಕೆ ಬರಲೇಬೇಕು ಅಂತ ಯಾರಿಗೂ ಹೇಳಲಿಲ್ಲ. ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು ತಾವಾಗಿಯೇ ಬಂದರು. ಬಂದವರು ಮುಂದಿನ ಸಾಲಿನಲ್ಲಿ ಕೂತರು. ಒಬ್ಬಳು ಲೇಖಕರಿಗೆ "ನಿಮ್ಮ ಕಥಿಯೊಳಗಿನ ಮಾಸ್ತರ ಕೆಟ್ಟಾಂವ ಅಲ್ರಿ, ನೀವು ಅವನಿಗೆ ಅನ್ಯಾಯ ಮಾಡೀರಿ" ಅಂತ ಎದುರೇ ಹೇಳಿದಳು. ಲೇಖಕರಿಗೆ ಎಷ್ಟು ಖುಷಿಯಾಯಿತು ಅಂದರೆ, ಅವಳ ಹೆಸರು ಕೇಳಿ ಬರೆದುಕೊಂಡರು. ಒಬ್ಬ ಮೇಡಂ ಎರಡು ಪ್ರತಿಯಲ್ಲಿ ಮಾಡಿದ ಕೆಲಸ ಇದು. ಪ್ರಾಚಾರ್ಯರು ಮನಸ್ಸು ಮಾಡಿದರೆ ಪ್ರತಿ ಕಾಲೇಜಿನಲ್ಲೂ ಆಗುತ್ತದೆ.

ಪ್ರಶ್ನೆಗೆ ಮೈಕ್ ಕೊಡಲು ಕೆಲವರು ಹೆದರುತ್ತಾರೆ. ಯಾರು ಏನು ಕೇಳಿಬಿಡುತ್ತಾರೋ ಅನ್ನುವ ಭಯ. ಆ ಭಯ ಎಲ್ಲಿಂದ ಬಂತು ಅಂತ ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕಲ್ಯಾಣನಗರದ ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಅದಾದ ಮೇಲೆ ಎಷ್ಟೋ ದಿನ ನಮ್ಮ ಸಭೆಗಳಲ್ಲಿ ಮಾತು ತೂಕ ಮಾಡಿ ಬರುತ್ತಿತ್ತು. ನನಗೂ ಹೆದರಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೇಳುವುದನ್ನು ನಿಲ್ಲಿಸಿದರೆ ಅವರು ಜೀವಮಾನವಿಡೀ ಮಾಡಿದ ಸಂಶೋಧನೆಗೆ ಏನು ಅರ್ಥ ಉಳಿಯಿತು? ಸಭೆಯಲ್ಲಿ ಒಬ್ಬ ಹುಡುಗ ಒರಟಾಗಿ ಕೇಳಿದರೂ ಕೇಳಲಿ. ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಹಿರಿಯರಿಗೆ ಅದನ್ನು ಸಂಭಾಳಿಸುವ ಅನುಭವ ಇದೆ.

ಹಿರಿಯರ ವಿಷಯ ಬಂತು. ನಾನು ಅವರ ವಿರುದ್ಧ ಬರೆಯುತ್ತಿದ್ದೇನೆ ಅಂತ ಯಾರೂ ತಿಳಿಯಬಾರದು. ಕೊಡೆ ಹಿಡಿದುಕೊಂಡು, ಸ್ವೆಟರ್ ಹಾಕಿಕೊಂಡು, ಮಳೆ ಇರಲಿ ಚಳಿ ಇರಲಿ ದಿನಾ ಸಂಜೆ ಬರುವ ನಿವೃತ್ತರು ಇಲ್ಲದಿದ್ದರೆ ಧಾರವಾಡದ ಅರ್ಧ ಸಭಾಭವನಗಳಿಗೆ ಬೀಗ ಬೀಳುತ್ತಿತ್ತು. ಯಾವ ಪುಸ್ತಕ ಯಾವುದಕ್ಕೆ ಉತ್ತರವಾಗಿ ಬಂತು, ಯಾರ ಮೊದಲ ಸಂಕಲನ ಯಾವಾಗ ಬಂತು, ನನಗೆ ಹೇಳಿಕೊಟ್ಟವರು ಅವರೇ. ನನ್ನ ಕಾಲೇಜು ಅಂದರೆ ಅವರು. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಈ ಭಾಗದಲ್ಲಿ ಮರಾಠಿಯ ಜೋರು ಎಷ್ಟಿತ್ತು! ಅಂಥ ಕಾಲದಲ್ಲಿ ಕನ್ನಡದಲ್ಲಿ ಪುಸ್ತಕ ಬರಬೇಕು ಅಂತ ದುಡಿದವರ ಮೊಮ್ಮಕ್ಕಳು ಇವರು. ತಂದೆ ತಾಯಿಯ ಹೆಸರಲ್ಲಿ ದತ್ತಿ ಇಟ್ಟು, ವರ್ಷಕ್ಕೊಮ್ಮೆ ಆ ನೆನಪಿಗೆ ಒಂದು ಉಪನ್ಯಾಸ ಮಾಡಿಸುವ ಪದ್ಧತಿ ನಮ್ಮ ಊರಿನ ದೊಡ್ಡ ಗುಣ. ಅದು ಮುಂದುವರಿಯಲೇಬೇಕು.

ನಾನು ಕೇಳುವುದು ಬೇರೆ. ಒಂಬತ್ತು ಕುರ್ಚಿ ಮೂರಾಗಲಿ. ಬರೆದವರು, ಪುಸ್ತಕವನ್ನು ಪೂರ್ತಿ ಓದಿ ಬಂದ ಒಬ್ಬರು, ಸಭೆ ನಡೆಸುವ ಒಬ್ಬರು. ಉಳಿದ ಹಿರಿಯರು ಮುಂದಿನ ಸಾಲಿನಲ್ಲಿ ಮಕ್ಕಳ ಪಕ್ಕ ಕೂರಲಿ. ಹಾಗೆ ಕೂತಾಗ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಅಜ್ಜ ಪಕ್ಕದ ಹುಡುಗನಿಗೆ ಸಣ್ಣ ದನಿಯಲ್ಲಿ, "ಇದ ಕಥಿ ಮೊದಲ ದೀಪಾವಳಿ ಸಂಚಿಕೆಯೊಳಗ ಬಂದಿತ್ತು, ಆಗ ಕಡೀಕ ಬ್ಯಾರೆ ಇತ್ತು" ಅಂತ ಹೇಳುತ್ತಾರೆ. ಆ ಹುಡುಗನಿಗೆ ಇದು ಯಾವ ಪುಸ್ತಕದಲ್ಲೂ ಸಿಗದ ಪಾಠ. ವೇದಿಕೆಯ ಮೇಲೆ ಒಂಬತ್ತನೆಯವರಾಗಿ ಕೂತು, ಹತ್ತು ನಿಮಿಷ ಮಾತಾಡಿ, ಶಾಲು ಹೊದ್ದುಕೊಂಡು ಹೋಗುವುದಕ್ಕಿಂತ ಇದು ಆ ಹಿರಿಯರಿಗೂ ಹೆಚ್ಚಿನ ಗೌರವ ಅಂತ ನಾನು ನಂಬಿದ್ದೇನೆ. ಇನ್ನು ಶಾಲು, ಹಾರ, ಫಲಕದ ದುಡ್ಡು. ಅದರಲ್ಲಿ ಇಬ್ಬರದು ಉಳಿಸಿದರೂ ಆ ದಿನದ ಪುಸ್ತಕದ ಐದಾರು ಪ್ರತಿ ಬರುತ್ತವೆ. ಅವನ್ನು ಪ್ರಶ್ನೆ ಕೇಳಿದ ಮಕ್ಕಳ ಕೈಗೆ ಲೇಖಕರ ಸಹಿ ಹಾಕಿಸಿ ಕೊಡಿ.

ಇದೆಲ್ಲ ಆಗುವುದಿಲ್ಲ ಅನ್ನುವವರಿಗೆ 2013ರ ಜನವರಿ ನೆನಪಿಸುತ್ತೇನೆ. ವಿಮರ್ಶಕ ಗಿರಡ್ಡಿ ಗೋವಿಂದರಾಜರ ಮುಂದಾಳತ್ವದಲ್ಲಿ ಮೊದಲ ಸಾಹಿತ್ಯ ಸಂಭ್ರಮ ಕರ್ನಾಟಕ ವಿಶ್ವವಿದ್ಯಾಲಯದ ಸುವರ್ಣ ಮಹೋತ್ಸವ ಭವನದಲ್ಲಿ ನಡೆದಾಗ ನಾನು ಮೊದಲ ಸಲ ಪುಸ್ತಕ ಹೊತ್ತುಕೊಂಡು ಹೋಗಿದ್ದೆ. ಜನ ದುಡ್ಡು ಕೊಟ್ಟು ಹೆಸರು ನೋಂದಾಯಿಸಿ ಬಂದಿದ್ದರು. ಗೋಷ್ಠಿ ಮುಗಿದ ಮೇಲೂ ಲೇಖಕರನ್ನು ಬಿಡದೆ ಮಾತಾಡಿಸುತ್ತಿದ್ದರು. ಚಹಾದ ಸಾಲಿನಲ್ಲಿ ಜಗಳದಂಥ ಚರ್ಚೆ. ಗಿರಡ್ಡಿಯವರು 2018ರಲ್ಲಿ ತೀರಿಕೊಂಡರು. ಮಾರನೇ ವರ್ಷ, 2019ರ ಜನವರಿಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಆ ಜನಸಾಗರ ನೋಡಿದವರು ಓದುಗರಿಲ್ಲ ಅಂತ ಹೇಳಲಾರರು. ಆದರೆ ಸಮ್ಮೇಳನ ಜಾತ್ರೆಯಿದ್ದ ಹಾಗೆ, ಬರುತ್ತದೆ, ಹೋಗುತ್ತದೆ. ನನಗೆ ಬೇಕಿರುವುದು ಸಂತೆಯ ಹಾಗೆ ತಪ್ಪದೆ ಬರುವಂಥದ್ದು.

ಗದಗಿನ ತೋಂಟದಾರ್ಯ ಮಠದಲ್ಲಿ ಪ್ರತಿ ಸೋಮವಾರ ಶಿವಾನುಭವ ಸಭೆ ನಡೆಯುತ್ತದೆ. ಇವತ್ತು ಸೋಮವಾರ ಅಂದರೆ ಊರಿನವರಿಗೆ ಕಾರ್ಡು ಬೇಕಿಲ್ಲ, ಪೋಸ್ಟರ್ ಬೇಕಿಲ್ಲ. ಹೆಜ್ಜೆ ತಾನೇ ಆ ಕಡೆ ಹೋಗುತ್ತದೆ. ನಮ್ಮಲ್ಲೂ ತಿಂಗಳಿಗೆ ಒಂದು ಶನಿವಾರ ಗೊತ್ತು ಮಾಡಿ. ಸಂಜೆ ಐದೂವರೆಗೆ ಶುರು, ಏಳಕ್ಕೆ ಮುಗಿಯಲಿ. ಪಿಜಿಯ ಹುಡುಗಿಯರು ಗೇಟು ಹಾಕುವ ಮೊದಲು ಮುಟ್ಟಬೇಕು. ಹುಬ್ಬಳ್ಳಿಯಿಂದ ಬರುವವರಿಗೆ ಚಿಗರಿ ಬಸ್ಸಿದೆ, ತೊಂದರೆಯಿಲ್ಲ. ದೂರದಿಂದ ಬಂದ ಲೇಖಕರನ್ನು ಮರುದಿನ ಗದಗಿಗೋ ಹಾವೇರಿಗೋ ಕರೆದುಕೊಂಡು ಹೋದರೆ ಒಂದೇ ಪ್ರಯಾಣದಲ್ಲಿ ಎರಡು ಊರಿನ ಓದುಗರು ಸಿಗುತ್ತಾರೆ. ಹಾವೇರಿಗೆ ಬೇರೆ ವಿಶ್ವವಿದ್ಯಾಲಯ ಆಗುವವರೆಗೆ ಧಾರವಾಡ, ಗದಗ, ಹಾವೇರಿ ಮೂರೂ ಒಂದೇ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಕಾಲೇಜಿನಿಂದ ಕಾಲೇಜಿಗೆ ಒಂದು ಫೋನ್ ಮಾಡಿದರೆ ಆಗುವ ಕೆಲಸ.

ಜಾಗದ ಮಾತು. ದಯವಿಟ್ಟು ಸಪ್ತಾಪುರದಲ್ಲೇ ಒಂದು ಜಾಗ ನೋಡಿ. ಮಕ್ಕಳು ಇರುವಲ್ಲಿಗೆ ನಾವು ಹೋಗೋಣ. ಮನೆ ತೆರಿಗೆ ತುಂಬುವಾಗ ನಾವೆಲ್ಲ ಗ್ರಂಥಾಲಯ ಕರ ಕೊಡುತ್ತೇವೆ. 1965ರ ಕಾಯ್ದೆಯ ಪ್ರಕಾರ ತೆರಿಗೆಯ ಮೇಲೆ ನೂರಕ್ಕೆ 6. ಆ ಹಣ ನಮ್ಮದೇ. ಸಾರ್ವಜನಿಕ ಗ್ರಂಥಾಲಯದವರು ಸಂಜೆ ಒಂದೂವರೆ ತಾಸು ಒಂದು ಕೋಣೆ ತೆರೆದಿಟ್ಟರೆ ಸಾಕು. ಅದೂ ಆಗದಿದ್ದರೆ ಯಾವುದಾದರೂ ಕೋಚಿಂಗ್ ಕ್ಲಾಸಿನವರು ತಿಂಗಳಿಗೊಮ್ಮೆ ಒಂದು ಹಾಲ್ ಬಿಟ್ಟುಕೊಡಲಿ. ಅವರ ಮಕ್ಕಳಿಗೂ ದಿನವಿಡೀ ಓದಿ ದಣಿದ ತಲೆಗೆ ಒಂದು ಕಥೆ ಬೇಕು.

ನನ್ನಿಂದ ಏನಾಗುತ್ತದೆ ಅದನ್ನೂ ಹೇಳುತ್ತೇನೆ. ಟೇಬಲ್ಲು, ಪುಸ್ತಕ ನಾನು ತರುತ್ತೇನೆ. ಮನೆಯಲ್ಲಿ ನಾಲ್ಕು ದೊಡ್ಡ ಜಮಖಾನೆ ಇವೆ, ಅವನ್ನೂ ತರುತ್ತೇನೆ. ಮೂವತ್ತು ಜನ ಕೂರಬಹುದು. ಓದಲು ಬರುವ ಲೇಖಕರ ಪುಸ್ತಕದ ಎರಡು ಪ್ರತಿಯನ್ನು ಹದಿನೈದು ದಿನ ಮೊದಲೇ ಯಾವ ಕಾಲೇಜು ಕೇಳುತ್ತದೋ ಆ ಕಾಲೇಜಿಗೆ ದುಡ್ಡಿಲ್ಲದೆ ಮುಟ್ಟಿಸುತ್ತೇನೆ. ಓದಿ ವಾಪಸ್ ಕೊಟ್ಟರೆ ಸಾಕು.

ಮತ್ತೆ ಆ ಹುಡುಗಿಯ ಎಪ್ಪತ್ತೆರಡನೇ ಪುಟದ ಪ್ರತಿ ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ. ಅಂಚು ಸ್ವಲ್ಪ ಮಾಸಿದೆ. ಅದನ್ನು ಮಾರಿಲ್ಲ. ಅವಳು ಈಗಲೂ ಇದೇ ಊರಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಕಾದಂಬರಿ ಬರೆದವರು ನಮ್ಮ ನಡುವೆ ಇದ್ದಾರೆ. ನೀವು ಅವರನ್ನು ಒಂದು ಶನಿವಾರ ಸಂಜೆ ಐದೂವರೆಗೆ ಕರೆಸಿ. ಅವಳನ್ನು ನಾನು ಕರೆದುಕೊಂಡು ಬರುತ್ತೇನೆ, ಈ ಸಲ ಒಳಗೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಬಾಗಿಲ ಪಕ್ಕದ ಪುಸ್ತಕದ ಟೇಬಲ್ಲಿನವಳು
ಧಾರವಾಡ